ಸ್ಪ್ರಿಂಗು ನಿಲ್ಲುವ ಎತ್ತರ

ಬಂಗಾರಪೇಟೆ
೧೨ ಫೆಬ್ರವರಿ ೧೯೫೯

ಮಗ ಆದಿನಾರಾಯಣನಿಗೆ,

ನಾನು, ನಿನ್ನ ಅಮ್ಮ ಇಲ್ಲಿ ಇದ್ದ ಹಾಗೇ ಇದ್ದೇವೆ. ನೀನೂ ನಿನ್ನ ಹೆಂಡತಿಯೂ ಊರಿಗಾಂನಲ್ಲಿ ಚೆನ್ನಾಗಿದ್ದೀರೆಂದು ರೈಲಿನಲ್ಲಿ ಬಂದವರು ಹೇಳುತ್ತಾರೆ. ಅವರು ಹೇಳುವುದರಲ್ಲಿ ನಿಜ ಎಷ್ಟೋ ಗೊತ್ತಿಲ್ಲ. ನೀನಂತೂ ಎರಡು ವರ್ಷದಿಂದ ಒಂದು ಕಾರ್ಡು ಹಾಕಿಲ್ಲ. ನಾನೂ ಹಾಕಿಲ್ಲ. ಈಗ ಕೆಲಸ ಬಿದ್ದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಕೋದಂಡಪ್ಪನವರ ಎರಡನೇ ನಂಬರ್ ಬಸ್ಸು ನಿನಗೆ ಗೊತ್ತು, ಬೇತಮಂಗಲದ ಮೇಲೆ ನಿಮ್ಮ ಊರಿಗಾಂಗೆ ಬರುವುದು. ಅದರ ಇಂಜಿನ್ನಿನಲ್ಲಿ ವಾಲ್ವುಗಳನ್ನು ಎತ್ತುವ ಕ್ಯಾಮ್ ಶಾಫ್ಟ್ ಸವೆದು ಹೋಗಿದೆ. ಸಾಹುಕಾರರು ಬೆಂಗಳೂರಿಗೆ ಹೋಗಿ ಬೇರೊಂದು ತಂದಿದ್ದಾರೆ. ಅದೇ ಇಂಜಿನ್ನಿಗೆ ಕೂರುತ್ತದೆ, ಆದರೆ ಬೇರೆ ನಮೂನೆ. ಉಬ್ಬುಗಳು ಹಳೆಯದಕ್ಕಿಂತ ಎತ್ತರ. ವಾಲ್ವನ್ನು ಜಾಸ್ತಿ ಎತ್ತುತ್ತದೆ. ಹಾಗಾಗಿ ಹೊಸ ಸ್ಪ್ರಿಂಗುಗಳನ್ನೂ ತಂದಿದ್ದಾರೆ. ವಾಲ್ವ್ ಮುಚ್ಚಿ ಕೂತಾಗ ಸ್ಪ್ರಿಂಗು ಎಷ್ಟು ಎತ್ತರ ನಿಲ್ಲಬೇಕು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎತ್ತರ ಕಮ್ಮಿಯಾದರೆ ವಾಲ್ವ್ ತೆರೆದಾಗ ಸ್ಪ್ರಿಂಗಿನ ಸುತ್ತುಗಳು ಒಂದರ ಮೇಲೊಂದು ಕೂತು ಮುರಿಯುತ್ತವೆ. ಹೆಚ್ಚಾದರೆ ಸಡಿಲವಾಗಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಇದು ನಿನಗೆ ನಾನೇ ಹೇಳಿಕೊಟ್ಟದ್ದು.

ಸ್ಪ್ರಿಂಗಿನ ಡಬ್ಬಿಯಲ್ಲಿ ಇಂಗ್ಲಿಷಿನ ಕಾಗದ ಒಂದಿತ್ತು. ಎತ್ತರ ಅದರಲ್ಲಿ ಅಚ್ಚಾಗಿದೆ. ನಮ್ಮ ಷೆಡ್ಡಿನಲ್ಲಿ ಇಂಗ್ಲಿಷ್ ಬಲ್ಲವನು ಜಯರಾಮಪ್ಪ ಒಬ್ಬನೇ. ನೀನು ಬರುವುದಿಲ್ಲ ಎಂದ ಮೇಲೆ ನಿನ್ನ ಜಾಗಕ್ಕೆ ಬಂದವನು, ಮದರಾಸಿನಲ್ಲಿ ಕೆಲಸ ಕಲಿತವನು. ಅವನಿಗೆ ತೋರಿಸಲಾರೆ. ಬೇಕೆಂದೇ ತಪ್ಪು ಓದಿ ಹೇಳುತ್ತಾನೆ. ಇಂಜಿನ್ ಒಡೆದರೆ ನನ್ನ ತಲೆಗೆ ಕಟ್ಟಿ ತಾನು ಮೇಸ್ತ್ರಿ ಆಗಬಹುದು. ಹಾಗೆಂದು ಅವನು ಬಾಯಿ ಬಿಟ್ಟು ಹೇಳಿಲ್ಲ. ಬಾಯಿ ಬಿಡುವವನಲ್ಲ.

ಕಾಗದ ಇದರ ಜೊತೆ ಇದೆ. ಎತ್ತರ ಎಷ್ಟೆಂದು ಬರೆದು ಕಳಿಸಬೇಡ. ಅಷ್ಟೇ ಉದ್ದಕ್ಕೆ ಉಕ್ಕಿನ ಕಡ್ಡಿಯೊಂದನ್ನು ಕತ್ತರಿಸಿ ಕಳಿಸು. ಅದನ್ನು ನಿಲ್ಲಿಸಿ ನೋಡಿಕೊಂಡು ಸ್ಪ್ರಿಂಗಿನ ಕೆಳಗೆ ಬೇಕಾದಷ್ಟು ವಾಷರ್ ಹಾಕುತ್ತೇನೆ.

ಕವರು ಅಂಟಿಸಿದ ಜಾಗದಲ್ಲಿ ಸಹಿ ಮಾಡಿದ್ದೇನೆ. ಸಹಿ ಒಡೆದಿದ್ದರೆ ತಿಳಿಸು.

ನಿನ್ನ ಅಪ್ಪ
ಸೊಣ್ಣಪ್ಪ


ಊರಿಗಾಂ
೨೦ ಫೆಬ್ರವರಿ ೧೯೫೯

ತಂದೆಯವರಿಗೆ,

ನಿಮ್ಮ ಕವರು ಬಂತು. ಸಹಿ ಒಡೆದಿರಲಿಲ್ಲ. ನಾವು ಕ್ಷೇಮವಾಗಿದ್ದೇವೆ, ಅಮ್ಮನಿಗೂ ಹೇಳಿ.

ಕಡ್ಡಿ ಮಾಡಿ ಈ ಪೊಟ್ಟಣದಲ್ಲಿ ಕಳಿಸಿದ್ದೇನೆ. ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಸ್ವಂತ ಕೆಲಸ ಮಾಡುವಂತಿಲ್ಲ. ಫೋರ್‌ಮನ್ನರ ಅಪ್ಪಣೆ ಪಡೆದು ಊಟದ ಬಿಡುವಿನಲ್ಲಿ ಮಾಡಿದೆ. ನನ್ನ ಜೊತೆ ಕೆಲಸ ಮಾಡುವ ಕುಪ್ಪುಸ್ವಾಮಿ ಎರಡು ತುದಿಗಳನ್ನೂ ತಿಕ್ಕಿ ನಯ ಮಾಡಿಕೊಟ್ಟ. ಗೇಟಿನಲ್ಲಿ ಕಾವಲಿನವರು ಚೀಟಿ ಓದಿ, ಕಡ್ಡಿಯನ್ನು ಕಲ್ಲಿಗೆ ಗೀಚಿ ನೋಡಿ, ನನ್ನ ಊಟದ ಡಬ್ಬಿಯನ್ನು ಇನ್ನೊಂದು ಸಲ ತೆಗೆಸಿ ಬಿಟ್ಟರು. ಇಲ್ಲಿ ಎಲ್ಲರನ್ನೂ ಕಳ್ಳನೆಂದುಕೊಂಡೇ ನೋಡುತ್ತಾರೆ. ಬೇಜಾರು ಮಾಡಿಕೊಂಡರೆ ಕೆಲಸ ಮಾಡಲಾಗುವುದಿಲ್ಲ.

ಕಾಗದದಲ್ಲಿ ಇದ್ದದ್ದು ಒಂದು ಇಂಚು ಮತ್ತು ಎಂಟರಲ್ಲಿ ಐದು ಪಾಲು. ಕಡ್ಡಿ ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲ, ಮೈಕ್ರೋಮೀಟರ್ ಇಟ್ಟು ನೋಡಿದ್ದೇನೆ. ದಯವಿಟ್ಟು ಇದನ್ನೇ ನಂಬಿ. ಬೆರಳಿಟ್ಟು ನೋಡಿ ಸರಿಯಿದೆ ಅನ್ನುವುದು ಬೇಡ. ಎರಡು ವರ್ಷದ ಹಿಂದೆ, ಷೆಡ್ಡು ಬಿಟ್ಟ ದಿನ, ಎಲ್ಲರ ಮುಂದೆ ನಾನು ಇದನ್ನು ಹೇಳಿದ್ದು ತಪ್ಪು. ಹೇಳಿದ ಮಾತು ತಪ್ಪಲ್ಲ.

ಇಂಗ್ಲಿಷ್ ಕಾಗದ ನನ್ನ ಪೆಟ್ಟಿಗೆಯಲ್ಲಿ ಇರಲಿ. ನಿಮ್ಮಲ್ಲಿದ್ದರೆ ಎಣ್ಣೆಯಾಗುತ್ತದೆ.

ನಿಮ್ಮ ಮಗ
ಆದಿನಾರಾಯಣ


ಬಂಗಾರಪೇಟೆ
೯ ಮಾರ್ಚ್ ೧೯೫೯

ಆದಿನಾರಾಯಣನಿಗೆ,

ಕಡ್ಡಿ ಬಂತು. ಚೆನ್ನಾಗಿ ಮಾಡಿದ್ದೀಯ. ಕಾಗದದ ತುಂಬ ನೀವು, ನಿಮ್ಮ ಎಂದು ಬರೆದಿದ್ದೀಯ. ಮನೆಯಲ್ಲಿ ಯಾವತ್ತು ನನಗೆ ನೀವು ಅಂದಿದ್ದೆ? ಗಣಿ ದೊರೆಗಳ ಹತ್ತಿರ ಕಲಿತೆಯೋ, ನನ್ನಿಂದ ದೂರ ನಿಲ್ಲಬೇಕೆಂದು ಬರೆದೆಯೋ, ನಿನಗೇ ಗೊತ್ತು.

ಕ್ಯಾಮ್ ಶಾಫ್ಟ್ ಹಾಕಿದೆ. ಹನ್ನೆರಡು ವಾಲ್ವುಗಳಿಗೂ ಒಂದೊಂದಾಗಿ ಕಡ್ಡಿ ನಿಲ್ಲಿಸಿದೆ. ಕಡ್ಡಿ ಆಡಿದರೆ ಇನ್ನೊಂದು ವಾಷರ್ ಹಾಕುವುದು, ನುಗ್ಗದಿದ್ದರೆ ಒಂದು ತೆಗೆಯುವುದು. ನಾಲ್ಕು ದಿನ ಹಿಡಿಯಿತು. ಜಯರಾಮಪ್ಪ ಕೈ ಹಾಕಲು ಬಂದ, ಬೇಡ ಎಂದೆ. ಕಡ್ಡಿಯನ್ನು ದಿನಾ ಸಂಜೆ ಮನೆಗೆ ತಂದು ಇಟ್ಟುಕೊಳ್ಳುತ್ತಿದ್ದೆ.

ಬಸ್ಸು ಎಂಟು ದಿನ ಚೆನ್ನಾಗಿ ಓಡಿತು. ಒಂಬತ್ತನೇ ದಿನ ಬೇತಮಂಗಲದ ಹತ್ತಿರ ಕೆಮ್ಮಲು ಶುರು ಮಾಡಿ ನಿಂತಿತು. ಜನ ಇಳಿದು ನಡೆದು ಹೋದರು. ಎಳೆದು ತಂದು ಮೇಲಿನ ಮುಚ್ಚಳ ತೆಗೆದರೆ ಎರಡು ಸ್ಪ್ರಿಂಗು ತುಂಡಾಗಿವೆ.

ಜಯರಾಮಪ್ಪ ಬಗ್ಗಿ ನೋಡಿ, "ಸುತ್ತು ಒಂದುಕ್ಕೊಂದು ಉಜ್ಜಿದಂಗೈತೆ ಮೇಸ್ತ್ರಿ. ಎತ್ರ ಎಷ್ಟಿಟ್ರಿ?" ಎಂದ.

"ಇಡಬೇಕಾದಷ್ಟು ಇಟ್ಟಿವ್ನಿ" ಎಂದೆ.

"ಡಬ್ಬೀಲಿ ಒಂದು ಕಾಗ್ದ ಇರತೈತೆ. ಅದ್ನ ಕೊಡಿ, ಒಂದ್ಸಲ ನೋಡಾನ."

ನೋಡಿದೆಯಾ? ಕಾಗದ ಇತ್ತೆಂದು ಅವನಿಗೆ ಯಾರು ಹೇಳಿದರು? ನಾನು ಊಟಕ್ಕೆ ಹೋದಾಗ ಷೆಡ್ಡಿನಲ್ಲಿ ಉಳಿಯುವವನು ಅವನೊಬ್ಬನೇ. ಮುಚ್ಚಳ ತೆಗೆದು ಇನ್ನೊಂದೊಂದು ವಾಷರ್ ತುರುಕಿದ್ದರೆ ನನಗೆ ಹೇಗೆ ಗೊತ್ತಾಗಬೇಕು? ಈಗ ಹೊಸ ಸ್ಪ್ರಿಂಗು ಹಾಕಿ, ಮುಚ್ಚಳದ ನಟ್ಟುಗಳಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದಿದ್ದೇನೆ. ನಟ್ಟು ತಿರುಗಿಸಿದರೆ ಗೆರೆ ಮುರಿಯುತ್ತದೆ. ಆಮೇಲೆ ಸಾಹುಕಾರರನ್ನು ಕರೆದು ತೋರಿಸುತ್ತೇನೆ.

ಸೊಣ್ಣಪ್ಪ


ಊರಿಗಾಂ
೧೮ ಮಾರ್ಚ್ ೧೯೫೯

ತಂದೆಯವರಿಗೆ,

ಜಯರಾಮಪ್ಪ ಎಂಥವನೋ ನನಗೆ ಗೊತ್ತಿಲ್ಲ. ಆದರೆ ಸ್ಪ್ರಿಂಗಿನ ಡಬ್ಬಿಯಲ್ಲಿ ಕಾಗದ ಇರುತ್ತದೆಂದು ಯಾವ ಮೆಕ್ಯಾನಿಕ್ಕಿಗಾದರೂ ಗೊತ್ತಿರುತ್ತದೆ. ಅದಕ್ಕೆ ಯಾರೂ ಹೇಳಬೇಕಾಗಿಲ್ಲ.

ನನಗೆ ಬೇರೆಯದೇ ಯೋಚನೆ. ನಿಮ್ಮ ಹೋದ ಕಾಗದದಲ್ಲಿ ಎರಡು ಕಡೆ ಸಾಲಿನ ಮೇಲೆ ಸಾಲು ಕೂತಿದೆ. ವಿಳಾಸದ ಕೊನೆಯ ಅಕ್ಷರಗಳು ಅಂಚೆಚೀಟಿಯ ಮೇಲೆ ಹತ್ತಿವೆ. ಕುಪ್ಪುಸ್ವಾಮಿ ಕವರು ನೋಡಿ, ನಿಮ್ಮ ತಂದೆಗೆ ತುಂಬಾ ವಯಸ್ಸೇ ಎಂದು ಕೇಳಿದ. ಐವತ್ತಾರು ಎಂದೆ. ಎತ್ತರ ಬರೆಯಬೇಡ, ಕಡ್ಡಿ ಕಳಿಸು ಎಂದು ನೀವು ಏಕೆ ಕೇಳಿದಿರೆಂದು ಆಗ ನನಗೆ ಹೊಳೆಯಲಿಲ್ಲ. ಸ್ಕೇಲಿನ ಗೆರೆಗಳು ನಿಮಗೆ ಕಾಣುತ್ತಿವೆಯೇ? ಅರ್ಧ ವಾಷರು, ಮುಕ್ಕಾಲು ವಾಷರು ಬೇರೆ ಬೇರೆ ದಪ್ಪದವು ಇರುತ್ತವಲ್ಲ, ಅವುಗಳನ್ನು ಹೇಗೆ ಗುರುತಿಸಿದಿರಿ?

ಕೋಪ ಮಾಡಿಕೊಳ್ಳಬೇಡಿ. ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಒಂದು ದಿನ ನಾನೇ ಕರೆದುಕೊಂಡು ಹೋಗುತ್ತೇನೆ. ಬಸ್ಸಿನಲ್ಲಿ ಜನ ಕೂತಿರುತ್ತಾರೆ ಎಂದು ಹೇಳುತ್ತಿದ್ದೇನೆ.

ಆದಿನಾರಾಯಣ


ಬಂಗಾರಪೇಟೆ
೨೭ ಮಾರ್ಚ್ ೧೯೫೯

ಆದಿನಾರಾಯಣನಿಗೆ,

ನಿನ್ನ ಕಾಗದವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿ ನಿಂತು ಓದಿದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಕಣ್ಣಿನ ಮಾತು ನಿನಗೆ ಯಾರು ಹೇಳಿದರು? ನಿನ್ನ ಅಮ್ಮ ಯಾರ ಕೈಯಲ್ಲಾದರೂ ಬರೆಸಿದಳೇ? ಕೇಳಿದೆ, ಇಲ್ಲ ಎಂದಳು. "ನಾನ್ಯಾಕೆ ಬರೆಸ್ಲಿ? ಸಾರಿನ ಪಾತ್ರೆ ಎಡವಿದ್ದು ನೀನು, ನಾನಾ?" ಎಂದಳು. ಹಾಗಾದರೆ ಜಯರಾಮಪ್ಪ ನಿನಗೆ ಬರೆಯುತ್ತಿದ್ದಾನೋ? ನೀನು ಅವನ ಪರವಾಗಿ ಮಾತಾಡಿದ್ದು ನೋಡಿದರೆ ಹಾಗೇ ಅನ್ನಿಸುತ್ತದೆ.

ಮೊನ್ನೆ ಇನ್ನೊಂದು ಸ್ಪ್ರಿಂಗು ಮುರಿಯಿತು. ಈ ಸಲ ಷೆಡ್ಡಿನ ಬಾಗಿಲಲ್ಲೇ ನಿಂತಿತು, ಜನ ಇರಲಿಲ್ಲ. ಸುಣ್ಣದ ಗೆರೆ ಇದ್ದ ಹಾಗೇ ಇತ್ತು. ಅವನು ಮುಚ್ಚಳ ತೆಗೆದಿಲ್ಲ. ಹಾಗಾದರೆ ಸ್ಪ್ರಿಂಗುಗಳೇ ಕಳಪೆ ಇರಬೇಕು. ಕೊಟ್ಟ ಅಂಗಡಿಯವನಿಗೂ ಅವನಿಗೂ ಪರಿಚಯ ಇದೆಯೋ ಎಂದು ವಿಚಾರಿಸುತ್ತಿದ್ದೇನೆ.

ಇನ್ನೊಂದು ವಿಷಯ. ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸುವಾಗ, ವಾಲ್ವ್ ಪೂರ್ತಿ ತೆರೆದುಕೊಳ್ಳುವ ತುದಿಯಲ್ಲಿ ಕೈಗೆ ಏನೋ ಬಿಗಿ ತಗಲುತ್ತದೆ. ಎರಡು ಸಲ ಬಿಚ್ಚಿ ಕಡ್ಡಿ ಇಟ್ಟು ನೋಡಿದೆ. ಹನ್ನೆರಡೂ ಸರಿಯಾಗಿವೆ. ಅಂದ ಮೇಲೆ ನನ್ನ ಕೈಯದೇ ಭ್ರಮೆ ಎಂದು ಬಿಟ್ಟೆ. ಬೆರಳಿಟ್ಟು ನೋಡಬೇಡಿ ಎಂದು ನೀನೇ ಬರೆದಿದ್ದೀಯಲ್ಲ.

ಮಿಂಟೋ ಗಿಂಟೋ ಬೇಡ.

ಸೊಣ್ಣಪ್ಪ


ಊರಿಗಾಂ
೨ ಏಪ್ರಿಲ್ ೧೯೫೯

ಶ್ರೀ ಕೋದಂಡಪ್ಪನವರ ಸನ್ನಿಧಿಗೆ,

ನಿಮ್ಮ ಷೆಡ್ಡಿನ ಮೇಸ್ತ್ರಿ ಸೊಣ್ಣಪ್ಪನವರ ಮಗ ಆದಿನಾರಾಯಣನ ನಮಸ್ಕಾರಗಳು.

ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ನನ್ನ ತಂದೆಗೆ ದೃಷ್ಟಿ ಮಂದವಾಗಿದೆ. ಅವರು ಒಪ್ಪುವುದಿಲ್ಲ, ಆದರೆ ಅವರ ಕಾಗದಗಳನ್ನು ನೋಡಿದರೆ ತಿಳಿಯುತ್ತದೆ. ಎರಡನೇ ನಂಬರ್ ಬಸ್ಸಿನ ಸ್ಪ್ರಿಂಗುಗಳು ಮುರಿಯುತ್ತಿರುವುದು ಅದರಿಂದಲೇ ಎಂದು ನನ್ನ ನಂಬಿಕೆ. ಸರಿಯಾದ ಅಳತೆಯನ್ನು ನಾನೇ ಮಾಡಿ ಕಳಿಸಿದ್ದೇನೆ. ವಾಷರುಗಳನ್ನು ನೋಡಿ ಹಾಕುವುದರಲ್ಲಿ ಅವರು ತಪ್ಪುತ್ತಿದ್ದಾರೆ. ದಯಮಾಡಿ ಅವರನ್ನು ಇಂಜಿನ್ ಕೆಲಸದಿಂದ ಬಿಡಿಸಿ ಬೇರೆ ಹಗುರ ಕೆಲಸ ಕೊಡಿ. ಮೂವತ್ತು ವರ್ಷ ನಿಮ್ಮಲ್ಲಿ ದುಡಿದವರು, ಮರ್ಯಾದೆಗೆ ಕುಂದು ಬಾರದ ಹಾಗೆ ನೋಡಿಕೊಳ್ಳಿ.

ನಾನು ಬರೆದೆನೆಂದು ಅವರಿಗೆ ತಿಳಿಯಬಾರದು.

ವಿಧೇಯ
ಎಸ್. ಆದಿನಾರಾಯಣ


ಬಂಗಾರಪೇಟೆ
೨೧ ಏಪ್ರಿಲ್ ೧೯೫೯

ಆದಿನಾರಾಯಣನಿಗೆ,

ಹೋದ ಮಂಗಳವಾರ ಬೆಳಿಗ್ಗೆ ಎರಡನೇ ನಂಬರ್ ಬಸ್ಸು ಬೇತಮಂಗಲ ದಾಟಿ ದಿಣ್ಣೆ ಹತ್ತುವಾಗ ನಿಂತಿತು. ಒಟ್ಟಿಗೆ ನಾಲ್ಕು ಸ್ಪ್ರಿಂಗು ಹೋಗಿದ್ದವು. ಡ್ರೈವರ್ ಬ್ರೇಕು ಒತ್ತಿ ಹಿಡಿಯುವುದರೊಳಗೆ ಬಸ್ಸು ಹಿಂದಕ್ಕೆ ಜಾರಿ ಮೋರಿಯ ಕಟ್ಟೆಗೆ ಬಡಿಯಿತು. ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಮುನಿಶಾಮಮ್ಮ ಎಂಬುವಳು ಕೆಳಗೆ ಬಿದ್ದು ಬಲಗೈ ಮುರಿದುಕೊಂಡಳು. ನಿಮ್ಮ ಊರಿಗಾಂನಲ್ಲಿ ದಿನಾ ಸೊಪ್ಪು ಮಾರುವವಳು. ಕೈ ಎರಡು ಕಡೆ ಮುರಿದಿದೆಯಂತೆ.

ಸಾಹುಕಾರರು ನನ್ನನ್ನು ಒಳಗೆ ಕರೆದರು. ಕೂರಲು ಹೇಳಿದರು. ಮೂವತ್ತು ವರ್ಷದಲ್ಲಿ ನನ್ನನ್ನು ಕೂರಿಸಿದ್ದು ಅದೇ ಮೊದಲು. ಆಗಲೇ ತಿಳಿಯಿತು ನನಗೆ.

"ನಾಳೆಯಿಂದ ಟೈರು ನೋಡ್ಕೊ ಸೊಣ್ಣಪ್ಪ. ಇಂಜಿನ್ನು ಜಯರಾಮಪ್ಪ ನೋಡ್ತಾನೆ" ಎಂದರು.

"ನಾನೇನು ತಪ್ಪು ಮಾಡಿವ್ನಿ ಏಳಿ ಸ್ವಾಮಿ" ಎಂದೆ.

"ನಿನ್ನ ಕಣ್ಣಿನ ವಿಚಾರ ಒಂದು ಕಾಗ್ದ ಬಂದೈತೆ. ಬಂದು ಹತ್ತು ದಿನ ಆಯ್ತು. ನಾನು ನಂಬದೆ ಇಟ್ಕೊಂಡು ಕೂತಿದ್ದೆ. ಅವತ್ತೇ ನಂಬಿದ್ರೆ ಆಯಮ್ಮನ ಕೈ ಉಳೀತಿತ್ತು. ಯಾರು ಬರೆದ್ರು ಅಂತ ಮಾತ್ರ ಕೇಳ್ಬೇಡ."

ಕಾಗದ ಮೇಜಿನ ಮೇಲೆಯೇ ಇತ್ತು. ನನ್ನಿಂದ ಒಂದು ಮೊಳ ದೂರ. ಅಕ್ಷರ ಯಾರದೆಂದು ನೋಡಲು ಬಗ್ಗಿದೆ. ಕಾಣಲಿಲ್ಲ. ಅವರು ಎತ್ತಿ ಒಳಗಿಟ್ಟರು.

ಬರೆದವನು ಜಯರಾಮಪ್ಪನೇ. ಅವನನ್ನು ಬಿಟ್ಟರೆ ನನ್ನ ಅನ್ನಕ್ಕೆ ಕಲ್ಲು ಹಾಕುವವರು ಯಾರಿದ್ದಾರೆ? ಈಗ ನಾನು ಬಾಗಿಲಲ್ಲಿ ಕೂತು ಟ್ಯೂಬಿಗೆ ತೇಪೆ ಹಾಕುತ್ತೇನೆ, ಅವನು ಒಳಗೆ ನನ್ನ ಸ್ಪ್ಯಾನರುಗಳಲ್ಲಿ ಕೆಲಸ ಮಾಡುತ್ತಾನೆ. ಅವನೊಡನೆ ಮಾತು ಬಿಟ್ಟಿದ್ದೇನೆ.

ಇದನ್ನೆಲ್ಲ ನಿನಗಲ್ಲದೆ ಯಾರಿಗೆ ಬರೆಯಲಿ? ನಿನ್ನ ಅಮ್ಮ ಅಳುತ್ತಾಳೆ, ಅವಳ ಮುಂದೆ ಮಾತಾಡುವ ಹಾಗಿಲ್ಲ. ಒಂದು ಸಲ ಬಂದು ಹೋಗು.

ನಿನ್ನ ಅಪ್ಪ
ಸೊಣ್ಣಪ್ಪ


ಬಂಗಾರಪೇಟೆ
೧೨ ಮೇ ೧೯೫೯

ಶ್ರೀ ಆದಿನಾರಾಯಣ ಅವರಿಗೆ,

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ನೀವು ಬೇಡವೆಂದ ಜಾಗದಲ್ಲಿ ಕೆಲಸ ಮಾಡುತ್ತಿರುವವನು ನಾನು. ನಿಮ್ಮ ವಿಳಾಸವನ್ನು ನಿಮ್ಮ ತಾಯಿಯವರಿಂದ ತಿಳಿದುಕೊಂಡೆ.

ಎರಡನೇ ನಂಬರ್ ಬಸ್ಸಿನ ಇಂಜಿನ್ನನ್ನು ನಾನು ಪೂರ್ತಿ ಬಿಚ್ಚಿದೆ. ಮುರಿಯದೆ ಉಳಿದ ಎಂಟು ಸ್ಪ್ರಿಂಗುಗಳ ಎತ್ತರವನ್ನು ಅಳೆದೆ. ಎಂಟೂ ಒಂದು ಇಂಚು ಮತ್ತು ಎಂಟರಲ್ಲಿ ಐದು ಪಾಲು. ಮುರಿದವುಗಳ ಕೆಳಗಿನ ವಾಷರುಗಳನ್ನು ಲೆಕ್ಕ ಹಾಕಿದರೂ ಅದೇ. ಒಂದಕ್ಕೂ ಇನ್ನೊಂದಕ್ಕೂ ಕೂದಲಷ್ಟು ವ್ಯತ್ಯಾಸವಿಲ್ಲ. ಕಣ್ಣು ಕಾಣುವವನಾದ ನಾನು ಕೂಡ ಹನ್ನೆರಡನ್ನೂ ಅಷ್ಟು ಸಮನಾಗಿ ಇಡಲಾರೆ. ನಿಮ್ಮ ತಂದೆ ವಾಷರು ಹಾಕಿದ್ದರಲ್ಲಿ ತಪ್ಪಿಲ್ಲ.

ಆದರೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುತ್ತುಗಳ ನಡುವೆ ಒಂದು ಬೀಡಿ ಎಲೆ ಕೂಡ ನುಗ್ಗುವುದಿಲ್ಲ. ಈ ಕ್ಯಾಮ್ ಶಾಫ್ಟಿಗೆ ಆ ಎತ್ತರ ಸಾಲದು ಎಂದು ನನಗೆ ಅನ್ನಿಸುತ್ತದೆ. ಸಾಹುಕಾರರು ಮೂರನೇ ನಂಬರ್ ಬಸ್ಸಿಗೂ ಇದೇ ನಮೂನೆಯದನ್ನು ತರಿಸಿದ್ದಾರೆ. ಅದಕ್ಕೆ ಕೈ ಹಾಕುವ ಮೊದಲು ಆ ಇಂಗ್ಲಿಷ್ ಕಾಗದವನ್ನು ನಾನು ನೋಡಬೇಕು. ಅದು ನಿಮ್ಮ ಹತ್ತಿರ ಇದೆಯೆಂದು ನಿಮ್ಮ ತಾಯಿಯವರೇ ಹೇಳಿದರು. ದಯವಿಟ್ಟು ಕಳಿಸಿ.

ಇನ್ನೊಂದು ಮಾತು. ಸಾಹುಕಾರರಿಗೆ ಬಂದ ಕಾಗದ ನಾನು ಬರೆದದ್ದಲ್ಲ. ಮೇಸ್ತ್ರಿಗಳು ಹಾಗೆಂದು ತಿಳಿದಿದ್ದಾರೆ. ಅದರ ಮೇಲೆ ಊರಿಗಾಂನ ಅಂಚೆ ಮುದ್ರೆ ಇತ್ತೆಂದು ಗುಮಾಸ್ತ ಹೇಳಿದ. ನಾನು ಅದನ್ನು ಯಾರಿಗೂ ಹೇಳಿಲ್ಲ.

ಇತಿ
ಕೆ. ಜಯರಾಮಪ್ಪ


ಊರಿಗಾಂ
೯ ಜೂನ್ ೧೯೫೯

ಅಪ್ಪ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ನೀನು ಬಂದು ಹೋಗು ಎಂದು ಬರೆದು ಒಂದೂವರೆ ತಿಂಗಳಾಯಿತು. ಒಂದು ಗಂಟೆಯ ರೈಲು. ಎರಡು ಸಲ ಸ್ಟೇಷನ್ನಿನವರೆಗೆ ಹೋಗಿ ವಾಪಸ್ಸು ಬಂದೆ. ಎದುರಿಗೆ ನಿಂತು ಹೇಳಲಾರೆನೆಂದು ಬರೆಯುತ್ತಿದ್ದೇನೆ.

ಜಯರಾಮಪ್ಪ ನನಗೆ ಬರೆದು ಆ ಇಂಗ್ಲಿಷ್ ಕಾಗದ ಕೇಳಿದ. ಅಳತೆ ಸರಿಯಾಗಿಯೇ ಇದೆ ಎಂದು ಅವನಿಗೆ ತೋರಿಸಬೇಕೆಂದು ಪೆಟ್ಟಿಗೆ ತೆಗೆದೆ. ಕಾಗದದಲ್ಲಿ ಎರಡು ಸಾಲು ಇದೆ ಅಪ್ಪ. ಮೊದಲ ಸಾಲು ಮಾಮೂಲು ಕ್ಯಾಮ್ ಶಾಫ್ಟಿಗೆ. ಎರಡನೆಯದು, ಅದರ ಕೆಳಗೆ, ಉಬ್ಬು ಹೆಚ್ಚಿರುವುದಕ್ಕೆ. ಹೆಚ್ಚಿನದಕ್ಕೆ ಸ್ಪ್ರಿಂಗು ಇನ್ನೂ ಇಂಚಿನ ಹದಿನಾರನೇ ಒಂದು ಪಾಲು ಎತ್ತರ ನಿಲ್ಲಬೇಕು. ನಾನು ನೋಡಿದ್ದು ಮೊದಲ ಸಾಲು. ಅವತ್ತು ಊಟದ ಬಿಡುವು ಮುಗಿಯುತ್ತಾ ಬಂದಿತ್ತು, ಫೋರ್‌ಮನ್ ನೋಡುತ್ತಿದ್ದ, ಕಣ್ಣಿಗೆ ಮೊದಲು ಬಿದ್ದ ಅಂಕಿಯನ್ನು ತೆಗೆದುಕೊಂಡೆ. ಕೆಳಗೆ ಇನ್ನೊಂದು ಸಾಲು ಇದೆಯೇ ಎಂದು ನೋಡಲಿಲ್ಲ. ಕಡ್ಡಿಯನ್ನು ಮಾತ್ರ ಮೈಕ್ರೋಮೀಟರಿನಲ್ಲಿ ನಾಲ್ಕು ಸಲ ನೋಡಿದೆ.

ಆ ಕಡ್ಡಿಯೇ ಗಿಡ್ಡ. ನೀನು ಅದಕ್ಕೆ ಸರಿಯಾಗಿ ಇಟ್ಟೆ. ಸ್ಪ್ರಿಂಗುಗಳು ಮುರಿದದ್ದು ಅದಕ್ಕೇ. ನಿನ್ನ ಕೈಗೆ ಬಿಗಿ ತಗಲಿದ್ದು ನಿಜವಾದ ಬಿಗಿ.

ಇನ್ನೊಂದು ಉಳಿದಿದೆ. ಸಾಹುಕಾರರಿಗೆ ಕಾಗದ ಬರೆದವನು ನಾನು. ಜಯರಾಮಪ್ಪ ಅಲ್ಲ. ನಿನ್ನ ಕಣ್ಣಿನಿಂದ ಯಾರಿಗಾದರೂ ಅಪಾಯ ಆಗುತ್ತದೆಂದು ಹೆದರಿ ಬರೆದೆ. ಹಾಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ನನ್ನ ಮಾತೇ ಸರಿಯೆಂದು ತೋರಿಸುವ ಆಸೆಯೂ ಅದರಲ್ಲಿ ಇತ್ತೋ ಏನೋ, ಈಗ ಯೋಚಿಸಿದರೆ ಇತ್ತು ಅನ್ನಿಸುತ್ತದೆ.

ಕಾಗದವನ್ನು ಜಯರಾಮಪ್ಪನಿಗೆ ಇವತ್ತೇ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ನೀನು ಏನು ಹೇಳಿದರೂ ಕೇಳುತ್ತೇನೆ.

ನಿನ್ನ ಮಗ
ಆದಿನಾರಾಯಣ


ಬಂಗಾರಪೇಟೆ
೨೩ ಜೂನ್ ೧೯೫೯

ಆದಿನಾರಾಯಣನಿಗೆ,

ಅಕ್ಷರ ನೋಡಿದ ಕೂಡಲೇ ಇದು ನನ್ನದಲ್ಲ ಎಂದು ನಿನಗೆ ಗೊತ್ತಾಗಿರಬೇಕು. ನಾನು ಹೇಳುತ್ತಿದ್ದೇನೆ, ಜಯರಾಮಪ್ಪ ಬರೆಯುತ್ತಿದ್ದಾನೆ. ಸಾಲು ಮುಗಿದ ಹಾಗೆಲ್ಲ ಓದಿಸಿ ಕೇಳುತ್ತಿದ್ದೇನೆ.

ನಿನ್ನ ಕಾಗದ ಬಂದು ಮೂರು ದಿನ ಜೇಬಿನಲ್ಲಿ ಇತ್ತು. ಉದ್ದದ ಕಾಗದ, ನಿನ್ನ ಅಕ್ಷರ ಸಣ್ಣ. ಬಿಸಿಲಿನಲ್ಲಿ ಹಿಡಿದರೂ ಅಪ್ಪ ಎಂಬ ಒಂದು ಮಾತಿನ ಹೊರತು ಏನೂ ಕಾಣಲಿಲ್ಲ. ನೀವು ಬಿಟ್ಟು ಅಪ್ಪ ಎಂದು ಶುರು ಮಾಡಿದ್ದೀಯ ಅಂದರೆ ಒಳಗೆ ಏನೋ ಇದೆ ಎಂದುಕೊಂಡೆ. ಯಾರ ಕೈಗೆ ಕೊಡುವುದು? ಅಂಚೆಯವನಿಗೆ ಕೊಟ್ಟರೆ ಬಜಾರಿಗೆಲ್ಲ ಹೇಳುತ್ತಾನೆ. ಗುಮಾಸ್ತನಿಗೆ ಕೊಟ್ಟರೆ ಸಾಹುಕಾರರಿಗೆ ಮುಟ್ಟುತ್ತದೆ. ಕೊನೆಗೆ ಟೈರಿನ ಮೇಲೆ ಕೂತು ಊಟ ಮಾಡುತ್ತಿದ್ದಾಗ ಜಯರಾಮಪ್ಪನನ್ನು ಕರೆದೆ. ಎರಡು ತಿಂಗಳ ಮೇಲೆ ಮಾತಾಡಿಸಿದ್ದಕ್ಕೆ ಅವನು ಹೆದರಿಕೊಂಡೇ ಬಂದ.

"ಇದನ್ನ ಓದ್ಲಾ. ಇದ್ದದ್ದು ಇದ್ದಂಗೆ ಓದು" ಎಂದೆ.

ಅವನು ಓದಿದ. ಅವನ ಹೆಸರು ಬಂದ ಕಡೆ ಬಿಟ್ಟು ಓದಲು ನೋಡಿದ. ದನಿ ತಡವರಿಸಿದಲ್ಲಿ ನಿಲ್ಲಿಸಿ, ಅದನ್ನೂ ಓದು ಎಂದೆ. ಓದಿ ಮುಗಿಸಿ ಕಾಗದ ಮಡಚಿ ನನ್ನ ಕೈಗೆ ಕೊಟ್ಟ.

"ನಿನ್ನ ಮೇಲೆ ನಾನು ಏನೇನು ಅನ್ಕೊಂಡಿದ್ದೆ ಗೊತ್ತಾ?" ಎಂದೆ.

"ಗೊತ್ತಿತ್ತು ಮೇಸ್ತ್ರಿ. ಸುಣ್ಣದ ಗೆರೆ ನಾನೂ ನೋಡ್ದೆ. ಅದು ಯಾರ ಕೈಗಾದ್ರೂ ತಾಕಿ ಅಳಿಸೋದ್ರೆ ನನ್ ಮೇಲೇ ಬತ್ತದೆ ಅಂತ, ಊಟದೊತ್ತಲ್ಲಿ ಅದ್ರ ಅತ್ರ ಯಾರ್ನೂ ಬಿಡ್ತಿರಲಿಲ್ಲ."

ಆಮೇಲೆ ಅವನು ಒಳಗೆ ಹೋದ.

ಈಗ ನಿನಗೆ ಹೇಳಬೇಕಾದದ್ದು. ನನ್ನ ಕಣ್ಣಿನ ವಿಷಯ ನೀನು ಸಾಹುಕಾರರಿಗೆ ಬರೆದದ್ದು ಸುಳ್ಳಲ್ಲ. ಒಂದು ವರ್ಷದಿಂದ ಮಂಜು ಕವಿದ ಹಾಗಿದೆ. ವಾಷರುಗಳನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ ದಪ್ಪ ತೆಳು ತಿಳಿಯುತ್ತಿದ್ದೆ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದು ನನ್ನ ತಪ್ಪು. ಕಾಣದವನು ಬಸ್ಸಿನ ಇಂಜಿನ್ನಿಗೆ ಕೈ ಹಾಕಬಾರದಿತ್ತು. ನನ್ನ ಕಣ್ಣಿನಿಂದ ಈ ಸಲ ಕೆಡಲಿಲ್ಲ ಎಂದರೆ ಮುಂದೆ ಕೆಡುತ್ತಿರಲಿಲ್ಲ ಎಂದಲ್ಲ.

ಕೈಗೆ ಬಿಗಿ ತಗಲಿದಾಗ ನಿಲ್ಲಿಸಬೇಕಾಗಿತ್ತು. ಷೆಡ್ಡಿನಲ್ಲಿ ಎಲ್ಲರ ಮೇಲೂ ಅನುಮಾನಪಟ್ಟೆ. ಸ್ಪ್ರಿಂಗು ಕೊಟ್ಟ ಅಂಗಡಿಯವನ ಮೇಲೆ ಪಟ್ಟೆ. ಕಡ್ಡಿಯ ಮೇಲೆ ಪಡಲಿಲ್ಲ, ನೀನು ಮಾಡಿದ್ದು ಎಂದು. ಮೂವತ್ತು ವರ್ಷ ಕೆಲಸ ಮಾಡಿದ ಕೈಯನ್ನು ಬಿಟ್ಟು ಅದನ್ನು ನಂಬಿದೆ.

ಮುನಿಶಾಮಮ್ಮನ ಊರಿಗೆ ಮೊನ್ನೆ ಜಯರಾಮಪ್ಪನ ಜೊತೆ ಹೋಗಿದ್ದೆ. ಬೇತಮಂಗಲದಿಂದ ಒಂದು ಮೈಲಿ ನಡೆಯಬೇಕು. ಪಟ್ಟಿ ಬಿಚ್ಚಿದ್ದಾರೆ, ಆದರೆ ಬೆರಳು ಮಡಚಲು ಬರುವುದಿಲ್ಲ. ನಾನು ಮೇಸ್ತ್ರಿ, ನನ್ನ ಕೆಲಸದಲ್ಲಿ ಹೀಗಾಯಿತು ಎಂದೆ.

ಅವಳು, "ಬಸ್ಸು ಕೆಟ್ಟೋಯ್ತು ಅಂತ ಅನ್ಕೊಂಡಿದ್ನಪ್ಪ. ಕೆಡಿಸ್ದೋರು ಒಬ್ರು ಅವ್ರೆ ಅಂತ ನಂಗೇನ್ ಗೊತ್ತು?" ಎಂದಳು. ಬೈಯಲಿಲ್ಲ. ನೀರು ಕೊಟ್ಟಳು. ಎಡಗೈಯಲ್ಲಿ ಕೊಟ್ಟಳು, ಅದಕ್ಕೆ ತಪ್ಪು ತಿಳಿಯಬೇಡ ಎಂದಳು. ಸೊಪ್ಪಿನ ಬುಟ್ಟಿ ತಲೆಗೆ ಎತ್ತಿಕೊಳ್ಳಲು ಆಗದೆ ಮನೆಯಲ್ಲೇ ಇದ್ದಾಳೆ. ನಿನ್ನ ಹೆಸರು ನಾನು ಎತ್ತಲಿಲ್ಲ. ಅದನ್ನು ನೀನೇ ಹೋಗಿ ಹೇಳಬೇಕು. ಮೊದಲು ಅವಳ ಮನೆಗೆ ಹೋಗು, ಅಲ್ಲಿಂದ ಸಾಹುಕಾರರ ಹತ್ತಿರ ಹೋಗು, ಆಮೇಲೆ ಇಲ್ಲಿಗೆ ಬಾ. ನನ್ನನ್ನು ಮತ್ತೆ ಇಂಜಿನ್ ಕೆಲಸಕ್ಕೆ ಹಾಕಿ ಎಂದು ಅವರನ್ನು ಕೇಳಬೇಡ. ಅದು ಜಯರಾಮಪ್ಪನದು. ಕಾಗದ ಸೇರಿತು, ಮೂರನೇ ನಂಬರ್ ಬಸ್ಸಿಗೆ ಎರಡನೇ ಸಾಲಿನ ಎತ್ತರ ಇಟ್ಟಿದ್ದಾನೆ. ತಿರುಗಿಸಿ ನೋಡಿ ಎಂದು ಹ್ಯಾಂಡಲ್ ನನ್ನ ಕೈಗೆ ಕೊಟ್ಟ. ತುದಿಯಲ್ಲಿ ಬಿಗಿ ಇಲ್ಲ.

ಮಿಂಟೋ ಆಸ್ಪತ್ರೆಗೆ ಬರುತ್ತೇನೆ. ನಿನ್ನ ಅಮ್ಮ ಈಗಲೇ ಬಟ್ಟೆ ಒಗೆದಿಟ್ಟಿದ್ದಾಳೆ.

ಒಂದು ಮಾತು ಕೇಳುವುದಿದೆ. ಇದನ್ನು ಬರೆಯುವುದಿಲ್ಲ ಎಂದು ಜಯರಾಮಪ್ಪ ಹಟ ಹಿಡಿದ, ಬರೆ ಎಂದಿದ್ದೇನೆ. ಅವನು ಆ ಕಾಗದ ಕೇಳದೆ ಇದ್ದಿದ್ದರೆ ನೀನು ಪೆಟ್ಟಿಗೆ ತೆಗೆದು ನೋಡುತ್ತಿದ್ದೆಯಾ? ಅಂಚೆ ಮುದ್ರೆಯ ಮಾತು ಅವನು ಎತ್ತದೆ ಇದ್ದಿದ್ದರೆ, ಸಾಹುಕಾರರಿಗೆ ಬರೆದವನು ನೀನೆಂದು ನನಗೆ ಹೇಳುತ್ತಿದ್ದೆಯಾ? ನಾನು ಸಾಯುವ ತನಕ ಇವನನ್ನು ಬೈದುಕೊಂಡು ಇರುತ್ತಿದ್ದೆನಾ? ಮುದ್ರೆಯ ವಿಷಯ ಅವನಾಗಿ ನನಗೆ ಹೇಳಿದ್ದಲ್ಲ, ಗುಮಾಸ್ತನ ಬಾಯಿಂದ ನಿನ್ನೆ ತಿಳಿಯಿತು. ಅದನ್ನು ನಿನಗೆ ಬರೆದಿದ್ದನೋ ಎಂದು ನಾನೇ ಕೇಳಿದ ಮೇಲೆ ಹೌದೆಂದ.

ಇದಕ್ಕೆ ಕಾಗದದಲ್ಲಿ ಉತ್ತರ ಬೇಡ, ಇನ್ನೊಬ್ಬರ ಕೈಯಲ್ಲಿ ಓದಿಸಬೇಕಾಗುತ್ತದೆ. ಬಂದು ನನ್ನ ಮುಂದೆ ಕೂತು ಹೇಳು. ಮುಖ ಸರಿಯಾಗಿ ಕಾಣುವುದಿಲ್ಲ, ಆದರೂ ದನಿಯಲ್ಲಿ ನನಗೆ ತಿಳಿಯುತ್ತದೆ. ಹೌದು ಎಂದರೂ ಇಲ್ಲ ಎಂದರೂ ಊಟ ಮಾಡಿಕೊಂಡೇ ಹೋಗು.

ನಿನ್ನ ಅಪ್ಪ
ಸೊಣ್ಣಪ್ಪ